ರಿಯೋಹಾ ರೆಡ್ ವೈನೂ ನಮ್ಮ ಸುಕ್ಕವೂ

ಇವತ್ತು ಮಾತಾಡೋದು ಸ್ಪೇನಿನ ರಿಯೋಹಾ ಪ್ರಾಂತ್ಯದ ಕೆಂಪು ವೈನಿನ ಬಗ್ಗೆ, ಅದರ ಜೊತೆ ನಮ್ಮ ಅಡುಗೆಯಲ್ಲಿ ಏನು ಹೊಂದತ್ತೆ ಅನ್ನೋದರ ಬಗ್ಗೆ. ಕುಡಿಯದವರು ಇದನ್ನು ಕೇಳಿ ಶುರು ಮಾಡೋದೇನೂ ಬೇಡ. ಮದ್ಯಕ್ಕೆ ಸುರಕ್ಷಿತ ಪ್ರಮಾಣ ಅನ್ನೋದೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. 'ಹೃದಯಕ್ಕೆ ಒಳ್ಳೇದು' ಅನ್ನೋ ಮಾತನ್ನ ನಾನಂತೂ ಹೇಳಲ್ಲ. ಆದರೆ ವರ್ಷಕ್ಕೊಂದು ಬಾಟಲಿ ತರೋರು ಡೊಂಬಿವಲಿ, ಠಾಣೆಯಲ್ಲಿ ನಮ್ಮವರೇ ಬೇಕಾದಷ್ಟಿದ್ದಾರೆ. ಆಮದು ವೈನಿಗೆ ವರ್ಷಗಟ್ಟಲೆ 150% ಸುಂಕ ಇದ್ದ ದೇಶ ನಮ್ಮದು. ನಾವಾಶೇವಾ ಬಂದರಿನಿಂದ ಹೊರಗೆ ಬರೋಷ್ಟರಲ್ಲೇ ಬೆಲೆ ಎರಡೂವರೆ ಪಟ್ಟು. ಅಷ್ಟು ಕೊಟ್ಟು ತಂದದ್ದನ್ನ ಹೊಂದದ ಊಟದ ಜೊತೆ ಇಟ್ರೆ ಕಷಾಯ ಕುಡಿದ ಹಾಗಿರತ್ತೆ.

ರಿಯೋಹಾ ಸಾಮಾನ್ಯವಾಗಿ ಬೆರಕೆ ವೈನ್. ಕಲಬೆರಕೆ ಅಲ್ಲ! ಸಾರಿನ ಪುಡಿಗೆ ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಹಾಕ್ತೀವಲ್ಲ, ಹಾಗೆ. ಮುಖ್ಯ ದ್ರಾಕ್ಷಿ ಟೆಂಪ್ರಾನಿಯೋ. ಸ್ಪ್ಯಾನಿಷಿನಲ್ಲಿ 'ಟೆಂಪ್ರಾನೋ' ಅಂದ್ರೆ ಬೇಗ. ಬೇಗ ಹಣ್ಣಾಗತ್ತೆ, ಅದಕ್ಕೇ ಆ ಹೆಸರು. ಗರ್ನಾಚಾ ಮೈ ತುಂಬಿಸತ್ತೆ. ಗ್ರಾಸಿಯಾನೋ, ಮಾಸುಯೆಲೋ ಸ್ವಲ್ಪ ಸ್ವಲ್ಪ, ಹುಳಿಗೆ, ಒಗರಿಗೆ.

ನನಗೆ ಕುತೂಹಲ ಇರೋದು ದ್ರಾಕ್ಷಿಗಿಂತ ಪೀಪಾಯಿಯ ಬಗ್ಗೆ. ರಿಯೋಹಾದ ಹಳೇ ಪದ್ಧತಿ ಅಂದ್ರೆ ಅಮೆರಿಕದ ಓಕ್ ಮರದ 225 ಲೀಟರಿನ ಪೀಪಾಯಿ. ಆ ಮರದಲ್ಲಿ ಲ್ಯಾಕ್ಟೋನ್ ಅನ್ನೋ ಸಂಯುಕ್ತ ಫ್ರೆಂಚ್ ಓಕಿಗಿಂತ ಜಾಸ್ತಿ ಇರತ್ತೆ. ಅದರ ವಾಸನೆ ಏನು ಗೊತ್ತಾ? ತೆಂಗಿನಕಾಯಿ! ಯುರೋಪಿನವರು ಪುಸ್ತಕದಲ್ಲಿ 'ಕುರಿ ಮಾಂಸದ ಜೊತೆ' ಅಂತ ಬರೆದು ಮುಗಿಸ್ತಾರೆ. ಕಾಯಿತುರಿ ಹುರಿಯೋ ಮನೆಯವರಿಗೆ ಇದರಲ್ಲಿ ಬೇರೆಯೇ ಸುದ್ದಿ ಇದೆ. ಕೋಳಿ ಸುಕ್ಕ, ಮಟನ್ ಸುಕ್ಕ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಲೇಬಲ್ ಮೇಲೆ 'ಕ್ರಿಯಾನ್ಸಾ' ಅಂತಿದ್ರೆ ಒಟ್ಟು ಎರಡು ವರ್ಷ ಮಾಗಿಸಿದ್ದು, ಅದರಲ್ಲಿ ಒಂದು ವರ್ಷವಾದ್ರೂ ಪೀಪಾಯಿಯಲ್ಲಿ. ಸುಕ್ಕಕ್ಕೆ ಅದು ಸಾಕು. ಇನ್ನೂ ಹೆಚ್ಚು ಮಾಗಿಸಿದ ರಿಸೆರ್ವಾಕ್ಕೆ ದುಡ್ಡು ಸುರೀಬೇಡಿ, ಮಸಾಲೆ ಮುಂದೆ ಅದರ ಸೂಕ್ಷ್ಮ ಗೊತ್ತಾಗಲ್ಲ.

ಷರತ್ತು ಒಂದೇ, ಖಾರ. ಮೆಣಸಿನ ಉರಿಯನ್ನ ಆಲ್ಕೋಹಾಲ್ ಏರಿಸತ್ತೆ, ಒಗರು ಅದಕ್ಕೆ ಸೇರಿ ಬಾಯಿ ಸುಟ್ಟ ಹಾಗಾಗತ್ತೆ. ಬಿರಿಯಾನಿ ಜೊತೆ ರೆಡ್ ವೈನ್ ಕುಡಿದು 'ಛೆ, ಇದಕ್ಕಾ ಇಷ್ಟು ದುಡ್ಡು' ಅನ್ನೋರ ಕಥೆ ಹೆಚ್ಚಾಗಿ ಇದೇ. ಬ್ಯಾಡಗಿ ನಮ್ಮನ್ನ ಉಳಿಸೋದು ಇಲ್ಲಿ: ಬಣ್ಣ ಜಾಸ್ತಿ, ಖಾರ ಕಡಿಮೆ. ಸ್ಪೇನಿನವರೂ ಅಂಥದ್ದೇ ಮಾಡ್ತಾರೆ, 'ಪಿಮೆಂತೋನ್' ಅನ್ನೋ ಕೆಂಪು ಮೆಣಸಿನ ಪುಡಿ. ಆಲೂಗಡ್ಡೆಗೂ ಅದೇ, ಚೊರೀಸೋ ಸಾಸೇಜಿಗೂ ಅದೇ. ಹಾಗಾಗಿ ಬ್ಯಾಡಗಿ ಮಾತ್ರ ಹಾಕಿದ ಕುಂದಾಪುರದ ಘೀ ರೋಸ್ಟ್ ನಡೆಯತ್ತೆ. ತುಪ್ಪ ಒಗರನ್ನ ಮೆತ್ತಗೆ ಮಾಡತ್ತೆ. ಗುಂಟೂರು ಬೆರೆಸಿದ್ರೆ ಬಾಟಲಿ ತೆಗೀಬೇಡಿ, ಮಜ್ಜಿಗೆ ಕುಡೀರಿ.

ಬಂಗುಡೆ ಪುಳಿಮುಂಚಿ ಬೇಡವೇ ಬೇಡ. ರೆಡ್ ವೈನಿನಲ್ಲಿರೋ ಕಬ್ಬಿಣದ ಅಂಶ ಮೀನಿನ ಎಣ್ಣೆಗೆ ಸೇರಿದ್ರೆ ಬಾಯಲ್ಲಿ ತುಕ್ಕಿನ ರುಚಿ.

ಮಾಂಸ ತಿನ್ನದವರಿಗೆ? ಉತ್ತರ ಕರ್ನಾಟಕದ ಬದನೆಕಾಯಿ ಎಣ್ಣೆಗಾಯಿ. ಶೇಂಗಾ, ಎಳ್ಳು, ಒಣಕೊಬ್ಬರಿ, ಎಣ್ಣೆ, ಎಲ್ಲ ಇದೆ. ಜೋಳದ ರೊಟ್ಟಿ ಜೊತೆ ತಿಂದು ನೋಡಿ, ನನ್ನ ಮಟ್ಟಿಗೆ ಮಟನ್ನಿಗಿಂತ ಇದೇ ಒಂದು ಕೈ ಮೇಲು.

ಇನ್ನೊಂದು ಮಾತು. 'ರೂಮ್ ಟೆಂಪರೇಚರ್‌ನಲ್ಲಿ ಕೊಡಿ' ಅಂತ ಬರೆದಿರ್ತಾರಲ್ಲ, ಅದು ಯುರೋಪಿನ ರೂಮು, 16-18 ಡಿಗ್ರಿ. ಮೇ ತಿಂಗಳ ಕಲ್ಯಾಣದ ರೂಮಲ್ಲ! ಊಟಕ್ಕೆ ಅರ್ಧ-ಮುಕ್ಕಾಲು ಗಂಟೆ ಮೊದಲು ಫ್ರಿಜ್ಜಿನಲ್ಲಿಡಿ.

ಇಷ್ಟೆಲ್ಲ ಖರ್ಚು ಯಾಕೆ ಅನ್ನೋರಿಗೆ ಹತ್ತಿರದ ದಾರಿ ಇದೆ. ಕಲ್ಯಾಣದಿಂದ ರೈಲು ಹಿಡಿದು ಕಸಾರಾ ಘಾಟ್ ಹತ್ತಿದ್ರೆ ಇಗತ್‌ಪುರಿ. ಅಲ್ಲಿನ ಝಂಪಾ ಕಂಪನಿ 2012ರಲ್ಲಿ ನಮ್ಮ ನಂದಿಬೆಟ್ಟದ ಗ್ರೋವರ್ ಜೊತೆ ಸೇರಿತು. ಅವರ 'ಶೆನ್' ಅನ್ನೋದು ಟೆಂಪ್ರಾನಿಯೋ, ಶಿರಾಜ್ ಬೆರಕೆ. ಫ್ರೆಂಚಿನಲ್ಲಿ 'ಶೆನ್' ಅಂದ್ರೆ ಓಕ್ ಮರ. ಶಿರಾಜಿಗೆ ಕರಿಮೆಣಸಿನ ಘಮ ಇರೋದರಿಂದ ಇದನ್ನ ಸುಕ್ಕಕ್ಕಿಂತ ಮಟನ್ ಪೆಪ್ಪರ್ ಫ್ರೈ ಜೊತೆ ಇಡಿ, ಪಕ್ಕದಲ್ಲಿ ನೀರುದೋಸೆ.