ಫೀಸಿಗಿಂತ ಮೊದಲು ಕಾಗದ

ದೊಡ್ಡ ಮಗಳ ಇಂಜಿನಿಯರಿಂಗ್ ಫೀಸಿಗೆ ನಾನು ಪಾಟಲಿ ಅಡವಿಟ್ಟವಳು. ವಿದ್ಯಾರ್ಥಿವೇತನ ಇರಲಿಲ್ಲವೆಂದಲ್ಲ, ಹದಿನೆಂಟು ವರ್ಷ ಪುಣೆಯಲ್ಲಿದ್ದೂ ನಮ್ಮ ಹತ್ತಿರ ಮಹಾರಾಷ್ಟ್ರದ ಡೊಮಿಸೈಲ್ ಸರ್ಟಿಫಿಕೇಟ್ ಇರಲಿಲ್ಲ. ಚೊಚ್ಚಲ ಬಾಣಂತನ ತವರಲ್ಲಿ. ಹಾಗಾಗಿ ಮಗಳ ಜನನ ಪತ್ರ ವಿಜಯಪುರದ್ದು. ರೇಷನ್ ಕಾರ್ಡೂ ಅಲ್ಲಿಯದೇ. "ಹೇಗೂ ಊರಿಗೆ ಹೋಗೋರಲ್ವಾ" ಅಂತ ಯಜಮಾನರು ಅಂದಾಗ ನಾನೂ ಹೂಂ ಅಂದಿದ್ದೆ. ನಿಮ್ಮಲ್ಲಿ ಎಷ್ಟು ಮನೆಯ ಕಥೆ ಇದೇ, ಹೇಳಿ!

ಇಲ್ಲಿಯ ಸರ್ಕಾರಿ ನೆರವಿಗೆ ಮಹಾಡಿಬಿಟಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. 2024-25ರಿಂದ, 8 ಲಕ್ಷದೊಳಗಿನ ವರಮಾನದ ಅರ್ಹ ಮನೆಗಳ ಹುಡುಗಿಯರಿಗೆ ವೃತ್ತಿಪರ ಕೋರ್ಸುಗಳ ಬೋಧನಾ ಶುಲ್ಕ, ಪರೀಕ್ಷಾ ಶುಲ್ಕ ಪೂರ್ತಿ ಮಾಫಿ. ಆದರೆ ಡೊಮಿಸೈಲ್ ಬೇಕು, ಸೀಟು ಕ್ಯಾಪ್ ಸುತ್ತಿನಲ್ಲಿ ಸಿಕ್ಕಿರಬೇಕು. ಮ್ಯಾನೇಜ್‌ಮೆಂಟ್ ಸೀಟಿಗೆ ಇಲ್ಲ. ಹತ್ತನೇ ತರಗತಿ ಮುಗಿದ ಕೂಡಲೇ ಕಾಗದ ಮಾಡಿಸಿಬಿಡಿ. ಜೂನಿನಲ್ಲಿ ಸೇತು ಕೇಂದ್ರವೆಂದರೆ ಜಾತ್ರೆ.

ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ತಾಂತ್ರಿಕ ಕೋರ್ಸಿನ ಹುಡುಗಿಯರಿಗೆ ವರ್ಷಕ್ಕೆ 50,000 ರೂಪಾಯಿ. ಒಂದೇ ಮನೆಯ ಇಬ್ಬರಿಗೂ ಸಿಗಬಹುದು. ನಮ್ಮ ಪುಣೆಯಲ್ಲೇ ಲೀಲಾ ಪೂನಾವಾಲಾ ಫೌಂಡೇಶನ್ ಇದೆ, ಹುಡುಗಿಯರ ಓದಿಗೆಂದೇ.

ಚಿಕ್ಕವಳ ಫೈಲು ಇವತ್ತು ತಂದಿದ್ದೇನೆ. ಊಟವಾದ ಮೇಲೆ ಹಿಂದಿನ ಮೇಜಿನ ಹತ್ತಿರ ಕೂತಿರುತ್ತೇನೆ, ಸಂಕೋಚ ಬಿಟ್ಟು ಬನ್ನಿ.