ಹೊಸ್ತಿಲು ದಾಟಿ ಒಳಗೆ ಬರೋರು ಬೇಕು



ಬಿ.ಪಿ., ಸಕ್ಕರೆ ಕಾಯಿಲೆ ಮಾತ್ರೆಗಳನ್ನು ಮನೆಗೇ ತಲುಪಿಸುವ ‘ಮಕ್ಕಳೈ ತೇಡಿ ಮರುತ್ತುವಂ’ 2021ರಲ್ಲಿ ಶುರುವಾದದ್ದು ನಮ್ಮ ಕೃಷ್ಣಗಿರಿ ಜಿಲ್ಲೆಯಲ್ಲೇ. ನಮ್ಮಜ್ಜಿಗೂ ಮಾತ್ರೆ ಬರ್ತಿತ್ತು. ಆದರೆ ಹಾಸಿಗೆ ಹಿಡಿದ ಮೇಲೆ ಬೆನ್ನಲ್ಲಿ ಹುಣ್ಣಾಯ್ತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಂತ ಮನೇಲಿ ಯಾರಿಗೂ ಗೊತ್ತಿರಲಿಲ್ಲ, ಬಿ.ಎ. ಓದೋ ನನಗೂ. ಕಾಸು ಕೊಟ್ಟು ಕರೆದ ಒಬ್ಬಾತ ನಮ್ಮ ಕೇರಿ ಅಂತ ತಿಳಿದು ಹೊಸ್ತಿಲಲ್ಲೇ ನಿಂತ.

ಹನ್ನೆರಡನೇ ಕ್ಲಾಸಲ್ಲಿ ಬಯಾಲಜಿ ತಗೊಂಡಿರೋರೇ, ಬಿ.ಎಸ್ಸಿ. ಫಿಸಿಶಿಯನ್ ಅಸಿಸ್ಟೆಂಟ್ ಅಂತ ಒಂದು ಓದಿದೆ. ಮೂರು ವರ್ಷ ಪಾಠ, ಒಂದು ವರ್ಷ ಇಂಟರ್ನ್‌ಶಿಪ್. ಇದು ಡಾಕ್ಟರಾಗೋ ಓದಲ್ಲ. ಹಾಗಂತ ಹೇಳೋ ದಲ್ಲಾಳಿಗೆ ಫೀಸು ಕಟ್ಟಬೇಡಿ. ಡಾಕ್ಟರ ಕೈಕೆಳಗೆ ರೋಗಿಯನ್ನು ನೋಡಿ, ಹುಣ್ಣು ತೊಳೆದು ಕಟ್ಟಿ, ಕಂಡದ್ದನ್ನು ಅವರಿಗೆ ತಿಳಿಸೋ ಕೆಲಸ. ಮನೆಮನೆಗೂ ಹೋಗಬಹುದು. ಅಜ್ಜಿ ನೋವನ್ನು ಕನ್ನಡದಲ್ಲೇ ಹೇಳ್ತಿದ್ರು. ಅದು ತಿಳಿಯೋರು ನೀವೇ. ಅರ್ಜಿ ಹಾಕೋರು ಸಭೆ ಮುಗಿದ ಮೇಲೆ ನನಗೆ ಸಿಗಿ.