ಮೋಟರ್‌ಹೋಮ್ ಹಿಂದೆ ಕಟ್ಟೋ ಕಾರು: ನ್ಯೂಟ್ರಲ್‌ಗೆ ಹಾಕಿದ್ರೆ ಸಾಕಾ?

ಇವತ್ತಿನ ವಿಷಯ ಕೇಳಿದ್ರೆ "ಪುಣೇಲಿ ಕೂತಿರೋ ನಮಗೆ ಇದ್ಯಾಕಪ್ಪ" ಅನ್ನಿಸಬಹುದು. ಸ್ವಲ್ಪ ತಾಳ್ಮೆ ಇರ್ಲಿ, ಕೊನೆಗೆ ನಿಮ್ಮ ಕಾರಿನ ಹತ್ರಾನೇ ಬರ್ತೀನಿ.

ನಮ್ಮ ಅಕ್ಕ, ಭಾವ ಅಮೆರಿಕದ ಫೀನಿಕ್ಸ್‌ನಲ್ಲಿದ್ದಾರೆ. ಭಾವ ರಿಟೈರ್ ಆದ್ಮೇಲೆ 30 ಅಡಿಯ ಒಂದು ಮೋಟರ್‌ಹೋಮ್ ತಗೊಂಡ್ರು. ಒಳಗೇ ಅಡುಗೆಮನೆ, ಮಂಚ, ಬಚ್ಚಲು ಎಲ್ಲಾ ಇರೋ ಗಾಡಿ. ಅಷ್ಟುದ್ದದ ಗಾಡೀನ ಒಂದು ಕಡೆ ನಿಲ್ಸಿದ್ಮೇಲೆ ಹಾಲು ತರೋಕೆ ಅದನ್ನೇ ಓಡ್ಸೋಕಾಗಲ್ಲ. ಅದಕ್ಕೆ ಅಲ್ಲಿಯ ಜನ ಹಿಂದೆ ಒಂದು ಸಣ್ಣ ಕಾರು ಕಟ್ಟಿಕೊಂಡು ಹೋಗ್ತಾರೆ. ಭಾವನ ಮನೇಲಿ 2018ರ ಹೋಂಡಾ ಸಿಆರ್-ವಿ ಇತ್ತು. "ನ್ಯೂಟ್ರಲ್‌ಗೆ ಹಾಕಿ ಎಳೀರಿ, ಏನೂ ಆಗಲ್ಲ" ಅಂತ ಕೊಂಡಿ ಕೂರಿಸೋ ಅಂಗಡಿಯವನು ಹೇಳಿದ್ನಂತೆ. ಭಾವ ನನಗೆ ಫೋನ್ ಮಾಡಿ, "ಏನೋ, ನೀನು ಕಾರಿನ ಹುಚ್ಚ, ನೀನೇನಂತೀಯ?" ಅಂದ್ರು.

ನಾನು ಅಂದೆ, "ಭಾವ, ಮೊದಲು ಕಾರಿನ ಮ್ಯಾನ್ಯುಯಲ್ ತೆಗೀರಿ." ತೆಗೆದ್ರು. ಮೋಟರ್‌ಹೋಮ್ ಹಿಂದೆ ನಾಲ್ಕೂ ಚಕ್ರ ನೆಲದ ಮೇಲಿಟ್ಟು ಎಳೆಯೋ ಹಾಗಿಲ್ಲ ಅಂತ ಅದರಲ್ಲೇ ಇದೆ.

ಯಾಕೆ ಹೀಗೆ? ಇದೊಂದು ಅರ್ಥ ಆದ್ರೆ ಉಳಿದದ್ದೆಲ್ಲಾ ತಾನಾಗೇ ಅರ್ಥ ಆಗುತ್ತೆ.

ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಒಳಗೆ ಒಂದು ಆಯಿಲ್ ಪಂಪ್ ಇರುತ್ತೆ. ಸಾಮಾನ್ಯವಾಗಿ ಅದನ್ನ ತಿರುಗಿಸೋದು ಎಂಜಿನ್. ಎಂಜಿನ್ ಆಫ್ ಆಗಿದ್ರೆ ಪಂಪೂ ನಿಂತಿರುತ್ತೆ. ಆದ್ರೆ ಕಾರನ್ನ ಎಳೀತಿದ್ರೆ ಚಕ್ರ ತಿರುಗುತ್ತೆ, ಚಕ್ರದ ಜೊತೆ ಗೇರ್‌ಬಾಕ್ಸ್‌ನ ಒಂದಷ್ಟು ಭಾಗವೂ ತಿರುಗುತ್ತೆ. ಎಣ್ಣೆ ಇಲ್ಲದ ಗಾಣ ತಿರುಗಿಸಿದ ಹಾಗೆ. ನ್ಯೂಟ್ರಲ್ ಅಂದ್ರೆ ಎಂಜಿನ್ ಸಂಬಂಧ ಕಡಿತು ಅಂತ ಅಷ್ಟೇ, ಚಕ್ರದ ಸಂಬಂಧ ಕಡಿಯಲಿಲ್ಲ. ಫೀನಿಕ್ಸ್‌ನಿಂದ ಗ್ರ್ಯಾಂಡ್ ಕ್ಯಾನ್ಯನ್‌ಗೆ ಸುಮಾರು 370 ಕಿಲೋಮೀಟರ್. ಅಷ್ಟು ದೂರ ಹಾಗೆ ಎಳೆದ್ರೆ ಗೇರ್‌ಬಾಕ್ಸ್ ಹೋಯ್ತು ಅಂತಾನೇ ಲೆಕ್ಕ.

ಹಾಗಾದ್ರೆ ಯಾವ ಕಾರು ಸರಿ? ಮೂರು ದಾರಿ ಇದೆ.

ಮೊದಲನೇದು, ನಾಲ್ಕೂ ಚಕ್ರ ನೆಲದ ಮೇಲೆ. ಕಟ್ಟೋಕೆ, ಬಿಚ್ಚೋಕೆ ಸುಲಭ ಇದೇ. ಇದಕ್ಕೆ ಅಲ್ಲಿ ಹೆಸರುವಾಸಿ ಜೀಪ್ ರ‍್ಯಾಂಗ್ಲರ್. ಅದರಲ್ಲಿ ಗೇರ್‌ಬಾಕ್ಸ್ ಆದ್ಮೇಲೆ ಟ್ರಾನ್ಸ್‌ಫರ್ ಕೇಸ್ ಅಂತ ಇನ್ನೊಂದು ಪೆಟ್ಟಿಗೆ ಇದೆ, ಅದಕ್ಕೇ ಬೇರೆ ನ್ಯೂಟ್ರಲ್ ಇದೆ. ಅದನ್ನ ಹಾಕಿದ್ರೆ ಚಕ್ರಕ್ಕೂ ಗೇರ್‌ಬಾಕ್ಸ್‌ಗೂ ಸಂಬಂಧಾನೇ ಇರಲ್ಲ. ಎಷ್ಟು ನಿಜ ಅಂದ್ರೆ, ಎಳೆಯೋವಾಗ ಆಟೋಮ್ಯಾಟಿಕ್ ರ‍್ಯಾಂಗ್ಲರ್‌ನ ಗೇರ್ ಪಾರ್ಕ್‌ನಲ್ಲಿ ಇಡಿ ಅಂತಾರೆ! ಇನ್ನು ಕೈಯಲ್ಲಿ ಗೇರ್ ಹಾಕೋ ಸಣ್ಣ ಕಾರುಗಳಲ್ಲಿ ಪಂಪ್ ಇಲ್ದೆ, ಹಲ್ಲುಗಳು ತಿರುಗ್ತಾನೇ ಎಣ್ಣೆ ಎರಚಿಕೊಳ್ಳುತ್ವೆ. ಅದಕ್ಕೇ ಅಂಥ ಎಷ್ಟೋ ಕಾರುಗಳಿಗೆ ಅನುಮತಿ ಇದೆ. ಎಲ್ಲದಕ್ಕೂ ಇಲ್ಲ, ಮ್ಯಾನ್ಯುಯಲ್ ನೋಡ್ಲೇಬೇಕು.

ಎರಡನೇದು, ಡಾಲಿ. ಮುಂದಿನ ಎರಡು ಚಕ್ರ ಎತ್ತಿ ಸಣ್ಣ ಗಾಡಿ ಮೇಲೆ ಕೂರಿಸೋದು. ಮುಂದಿನ ಚಕ್ರಕ್ಕೆ ಮಾತ್ರ ಶಕ್ತಿ ಹೋಗೋ ಕಾರಿಗೆ ಇದು ಸಾಮಾನ್ಯವಾಗಿ ಸರಿ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗೋ ಕಾರಿಗೆ ಬೇಡ.

ಮೂರನೇದು, ಟ್ರೇಲರ್. ಇಡೀ ಕಾರೇ ಮೇಲೆ. ಯಾವ ಕಾರಾದ್ರೂ ಆಗುತ್ತೆ, ಆದ್ರೆ ಟ್ರೇಲರ್ ತೂಕ ಸೇರುತ್ತೆ, ನಿಂತ ಜಾಗದಲ್ಲಿ ಅದನ್ನೂ ಇಡೋಕೆ ಜಾಗ ಬೇಕು.

ಕಾರು ಸಿಕ್ರೆ ಸಾಲ್ದು, ತೂಕದ ಲೆಕ್ಕ ಬೇಕು. ಭಾವನ ಗಾಡಿಯ ಕೊಂಡಿಗೆ 5,000 ಪೌಂಡ್, ಅಂದ್ರೆ ಸುಮಾರು 2,270 ಕೆಜಿ ಮಿತಿ. ಆದ್ರೆ ಅದೊಂದನ್ನೇ ನೋಡ್ಬಾರ್ದು. ಗಾಡಿ, ಜನ, ಸಾಮಾನು, ಟ್ಯಾಂಕಿನ ನೀರು, ಹಿಂದಿನ ಕಾರು ಎಲ್ಲಾ ಸೇರಿ ಇಷ್ಟು ಮೀರಬಾರ್ದು ಅಂತ ಇನ್ನೊಂದು ಮಿತಿ ಇರುತ್ತೆ. 150 ಲೀಟರ್ ನೀರು ತುಂಬಿದ್ರೆ ಅಲ್ಲೇ 150 ಕೆಜಿ. ಎರಡು ಮಿತಿಯಲ್ಲಿ ಯಾವುದು ಮೊದಲು ಮುಗಿಯುತ್ತೋ ಅದೇ ನಿಮ್ಮ ಮಿತಿ.

ಆಮೇಲೆ ಬ್ರೇಕ್. ಫೀನಿಕ್ಸ್ ಇರೋದು ಸುಮಾರು 330 ಮೀಟರ್ ಎತ್ತರದಲ್ಲಿ, ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚು 2,100 ಮೀಟರ್ ಎತ್ತರದಲ್ಲಿ. ಹತ್ತೋದು ಎಂಜಿನ್ ಪಾಡು. ಇಳಿಯೋವಾಗ ಒಂದೂವರೆ ಟನ್ ಕಾರು ಹಿಂದಿನಿಂದ ತಳ್ತಾ ಇರುತ್ತೆ. ಅದಕ್ಕೆ ಹಿಂದಿನ ಕಾರಿನ ಬ್ರೇಕನ್ನೂ ತಾನೇ ಒತ್ತೋ ಒಂದು ಸಾಧನ ಬೇಕು. ಜೊತೆಗೆ ಸರಪಳಿ, ಹಿಂದಿನ ದೀಪದ ವೈರಿಂಗ್. ಇನ್ನೊಂದು ಮಾತು: ಹೀಗೆ ಕಟ್ಟಿದ್ಮೇಲೆ ರಿವರ್ಸ್ ತಗೊಳ್ಳೋ ಹಾಗಿಲ್ಲ. ಬಿಚ್ಚಿ, ಎರಡನ್ನೂ ಬೇರೆ ಬೇರೆ ತಿರುಗಿಸ್ಬೇಕು. ಪೆಟ್ರೋಲ್ ಬಂಕಿಗೆ ನುಗ್ಗೋ ಮೊದಲೇ ಹೊರಗೆ ಹೋಗೋ ದಾರಿ ನೋಡ್ಕೋಬೇಕು.

ಭಾವಂಗೆ ರ‍್ಯಾಂಗ್ಲರ್ ಮೇಲೆ ಮನಸ್ಸಾಯ್ತು. ಅಕ್ಕ ಬೇಡ ಅಂದ್ಲು. "ನನ್ನ ಮಂಡಿಗೆ ಆ ಎತ್ತರ ಹತ್ತೋಕಾಗಲ್ಲ. ದಿನಾ ಕೂರೋಳು ನಾನು, ಎಳೆಯೋದು ವರ್ಷಕ್ಕೆ ನಾಲ್ಕು ಸಲ." ನ್ಯಾಯವಾದ ಮಾತು. ಕೊನೆಗೆ 2018ರದ್ದನ್ನ ಮಾರಿ 2014ರ ಹಳೇ ಸಿಆರ್-ವಿ ತಗೊಂಡ್ರು. ಹೌದು, ಹಳೇದು! 2015ರಲ್ಲಿ ಆ ಕಾರಿಗೆ ಸಿವಿಟಿ ಗೇರ್‌ಬಾಕ್ಸ್ ಬಂತು, ಅಲ್ಲಿಗೆ ಎಳೆಯೋ ಅನುಮತಿ ಹೋಯ್ತು. 2014ರವರೆಗಿನದಕ್ಕೆ ಇದೆ. ಅದಕ್ಕೂ ಒಂದು ಕ್ರಮ ಇದೆ: ಹೊರಡೋ ಮುಂಚೆ ಎಂಜಿನ್ ಹಾಕಿ, ಡಿ ಗೇರಿಗೆ ತಂದು, ಆಮೇಲೆ ನ್ಯೂಟ್ರಲ್‌ಗೆ ಹಾಕಿ ಕೆಲ ನಿಮಿಷ ಓಡಿಸಿ ಆಫ್ ಮಾಡ್ಬೇಕು. ಆ ಪುಟದ ಜೆರಾಕ್ಸನ್ನ ಅಕ್ಕ ಡ್ಯಾಶ್‌ಬೋರ್ಡ್ ಮೇಲೇ ಅಂಟಿಸಿದ್ದಾಳೆ.

ಈಗ ನಮ್ಮ ವಿಷಯ. ನಾವ್ಯಾರೂ ಇಲ್ಲಿ ಮೋಟರ್‌ಹೋಮ್ ಹಿಂದೆ ಕಾರು ಕಟ್ಟಲ್ಲ. ಆದ್ರೆ ದೀಪಾವಳಿಗೆ ಪುಣೆಯಿಂದ ಹುಬ್ಬಳ್ಳಿಗೋ ಬೆಂಗಳೂರಿಗೋ ಹೊರಟಾಗ, ಇಲ್ಲಾ ಖಂಡಾಲಾ ಘಾಟ್‌ನಲ್ಲಿ, ಕಾರು ಕೆಟ್ಟು ನಿಂತ್ರೆ? ಹಿಂದಿನ ಸೀಟಲ್ಲಿ ವಯಸ್ಸಾದ ಅಪ್ಪ ಅಮ್ಮ. ಹಗ್ಗ ಹಿಡ್ಕೊಂಡು ಬಂದವನು "ನ್ಯೂಟ್ರಲ್ ಮೇ ಡಾಲೋ ಸಾಬ್" ಅಂತಾನೆ. ಅದೇ ಮಾತು! ಟ್ರಾಫಿಕ್ ಕಾಟಕ್ಕೆ ನಮ್ಮಲ್ಲಿ ಬಹಳ ಜನ ಈಗ ಆಟೋಮ್ಯಾಟಿಕ್ಕೇ ತಗೊಂಡಿದೀವಿ.

ಅದಕ್ಕೆ ಇಷ್ಟು ನೆನಪಿಡಿ. ಟಾರ್ಕ್ ಕನ್ವರ್ಟರ್, ಸಿವಿಟಿ, ಡ್ಯುಯಲ್ ಕ್ಲಚ್ ಆಗಿದ್ರೆ ಹಗ್ಗ ಬೇಡ, ಫ್ಲ್ಯಾಟ್‌ಬೆಡ್ ಕೇಳಿ. ಎಎಂಟಿ ಒಳಗಿರೋದು ಮಾಮೂಲಿ ಗೇರ್‌ಬಾಕ್ಸೇ, ಆದ್ರೆ ಗೇರ್‌ನಲ್ಲಿದ್ದಾಗ ಬ್ಯಾಟರಿ ಸತ್ರೆ ನ್ಯೂಟ್ರಲ್‌ಗೆ ಬರೋದೇ ಕಷ್ಟ. ಎಲೆಕ್ಟ್ರಿಕ್, ಸ್ಟ್ರಾಂಗ್ ಹೈಬ್ರಿಡ್ ಕಾರಲ್ಲಿ ಮೋಟರ್ ಚಕ್ರಕ್ಕೇ ಜೋಡಿಸಿರುತ್ತೆ, ಚಕ್ರ ತಿರುಗಿದ್ರೆ ಅದು ಕರೆಂಟ್ ಹುಟ್ಟಿಸುತ್ತೆ. ಅದಕ್ಕೂ ಫ್ಲ್ಯಾಟ್‌ಬೆಡ್ಡೇ. ಸ್ವಿಚ್ ಹ್ಯಾಂಡ್‌ಬ್ರೇಕ್ ಇದ್ರೆ, ಬ್ಯಾಟರಿ ಸತ್ತಾಗ ಅದೂ ಬಿಡಲ್ಲ. ಇನ್ಶೂರೆನ್ಸ್‌ನವರ ಸಹಾಯವಾಣಿಗೆ ಫೋನ್ ಮಾಡಿದ ಕೂಡ್ಲೇ ಕಾರಿನ ಹೆಸರಿಗೂ ಮುಂಚೆ "ಆಟೋಮ್ಯಾಟಿಕ್ ಹೈ, ಫ್ಲ್ಯಾಟ್‌ಬೆಡ್ ಭೇಜಿಯೇ" ಅನ್ನಿ. ಒಂದು ಗಂಟೆ ಹೆಚ್ಚು ಕಾಯ್ಬೇಕಾಗಬಹುದು. ಗೇರ್‌ಬಾಕ್ಸ್ ಬಿಲ್ ನೋಡಿದವ್ರಿಗೆ ಆ ಒಂದು ಗಂಟೆಯ ಬೆಲೆ ಗೊತ್ತು.

ಇವತ್ತೇ ಒಂದು ಕೆಲ್ಸ ಮಾಡಿ. ಗ್ಲೋವ್ ಬಾಕ್ಸ್‌ನಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಇಟ್ಟಿರೋ ಮ್ಯಾನ್ಯುಯಲ್ ತೆಗೀರಿ. ಟೋಯಿಂಗ್ ಅನ್ನೋ ಪುಟ ಹುಡುಕಿ, ಫೋಟೋ ತೆಗೆದು ಮನೆಯವ್ರೆಲ್ಲರ ಫೋನಿಗೆ ಕಳಿಸಿ. ಕಾರು ನಿಂತಾಗ ನಿಮ್ಮ ಜೊತೆ ಯಾರಿರ್ತಾರೋ, ಅವ್ರ ಹತ್ರಾನೂ ಇರ್ಲಿ.